ಮಾತಾಡದ ನಾಯಕನಿಗೆ ಸದ್ದಿನಲ್ಲೇ ಸ್ವಭಾವ ಕೊಡುವುದು ಹೇಗೆ?

ಪ್ರಶ್ನೆ: ನಾವು ಮೂವರು ಗೆಳೆಯರು ಸೇರಿ ಒಂದು ಚಿಕ್ಕ ಗೇಮ್ ಮಾಡುತ್ತಿದ್ದೇವೆ. ಮಳೆಗಾಲದ ರಾತ್ರಿ, ಕೆಟ್ಟುಹೋದ ಕರೆಂಟ್ ಲೈನ್ ಸರಿಮಾಡಲು ಕಾಡಿನೊಳಗೆ ಒಬ್ಬನೇ ಹೋಗುವ ಲೈನ್‌ಮನ್ ಅದರ ನಾಯಕ. ಅವನು ಮಾತಾಡುವುದಿಲ್ಲ. ಡಬ್ಬಿಂಗ್ ಮಾಡಿಸಲು ನಮ್ಮ ಹತ್ತಿರ ದುಡ್ಡೂ ಇಲ್ಲ. ಪಾಶ್ಚಾತ್ಯ ಗೇಮ್‌ಗಳಲ್ಲಿ ಬಾಯಿ ಬಿಡದ ಪಾತ್ರಗಳೂ ಸದ್ದಿನಿಂದಲೇ ಜೀವಂತ ಅನ್ನಿಸುತ್ತವಲ್ಲ, ಅದನ್ನು ಹೇಗೆ ಸಾಧಿಸುತ್ತಾರೆ? ಒಳ್ಳೆಯ ಮ್ಯೂಸಿಕ್ ಹಾಕಿದರೆ ಸಾಕಾಗುವುದಿಲ್ಲವೇ?
— ಇಂಜಿನಿಯರಿಂಗ್ ವಿದ್ಯಾರ್ಥಿ, ಧಾರವಾಡ

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಸಾಕಾಗುವುದಿಲ್ಲ. ಪಾತ್ರ ಬಂತು ಎಂದು ಸಾರುವ ಕೆಲಸವನ್ನು ಮ್ಯೂಸಿಕ್ ಚೆನ್ನಾಗಿಯೇ ಮಾಡುತ್ತದೆ. 2018ರ ‘ಗಾಡ್ ಆಫ್ ವಾರ್’ನಲ್ಲಿ ಸಂಗೀತ ನಿರ್ದೇಶಕ ಬೇರ್ ಮೆಕ್ರಿಯರಿ ನಾಯಕ ಕ್ರೇಟೋಸ್‌ಗೆ ಕೊಟ್ಟ ಆ ಮೂರು ತಗ್ಗು ಸ್ವರಗಳು ಕಿವಿಗೆ ಬಿದ್ದರೆ ಸಾಕು, ಆಸಾಮಿ ಎಂಥವನೆಂದು ಗೊತ್ತಾಗಿಬಿಡುತ್ತದೆ. ಆದರೆ ಆಟಗಾರ ತನ್ನ ಬಹುಪಾಲು ಹೊತ್ತು ಕಳೆಯುವುದು ನಡೆಯುವುದರಲ್ಲಿ, ಹತ್ತುವುದರಲ್ಲಿ, ಬಾಗಿಲು ತಳ್ಳುವುದರಲ್ಲಿ, ಅಡಗಿ ಕಾಯುವುದರಲ್ಲಿ. ಅಷ್ಟೂ ಹೊತ್ತು ಮ್ಯೂಸಿಕ್ ಬಾರಿಸುತ್ತಿದ್ದರೆ ಕಿವಿ ಸ್ವಲ್ಪ ಹೊತ್ತಿಗೇ ಅದನ್ನು ಕೇಳಿಸಿಕೊಳ್ಳುವುದನ್ನು ಬಿಟ್ಟುಬಿಡುತ್ತದೆ. ಆ ಹೊತ್ತನ್ನೆಲ್ಲ ತುಂಬುವುದು ಹೆಜ್ಜೆ, ಉಸಿರು, ಬಟ್ಟೆ, ಸಲಕರಣೆ, ಮತ್ತೆ ಸುತ್ತಲಿನ ಸದ್ದು. ನಿಮ್ಮ ಲೈನ್‌ಮನ್ ಬದುಕುವುದೂ ಸಾಯುವುದೂ ಅಲ್ಲೇ.

ಇನ್ನು ಮುಖ್ಯ ವಿಷಯ. ಸಿನಿಮಾದಲ್ಲಿ ದೃಶ್ಯ ಎಷ್ಟು ಸೆಕೆಂಡಿನದು ಎಂದು ಸೌಂಡ್ ಡಿಸೈನರ್‌ಗೆ ಗೊತ್ತಿರುತ್ತದೆ. ನಾಯಕ ಏಳನೇ ಸೆಕೆಂಡಿಗೆ ನಿಟ್ಟುಸಿರು ಬಿಟ್ಟರೆ ಪ್ರತಿ ಶೋನಲ್ಲೂ ಏಳನೇ ಸೆಕೆಂಡಿಗೇ ಬಿಡುತ್ತಾನೆ. ಗೇಮ್‌ನಲ್ಲಿ ಆ ಭಾಗ್ಯ ಇಲ್ಲ. ಆಟಗಾರ ಓಡಬಹುದು, ಗೋಡೆಗೆ ಮುಖ ಮಾಡಿ ಹತ್ತು ನಿಮಿಷ ನಿಲ್ಲಬಹುದು, ಪಾತ್ರವನ್ನು ಅಲ್ಲೇ ಬಿಟ್ಟು ಚಹಾ ಕುಡಿಯಲು ಎದ್ದು ಹೋಗಬಹುದು. ಹಾಗಾಗಿ ಸದ್ದಿನ ಜೊತೆಗೆ ಒಂದು ಕಟ್ಟಳೆಯನ್ನೂ ಬರೆಯಬೇಕಾಗುತ್ತದೆ: ಈ ಸದ್ದು ಯಾವಾಗ ಬರಬೇಕು, ಯಾವಾಗ ಬರಕೂಡದು, ಏನಾದರೆ ಬದಲಾಗಬೇಕು. ನನ್ನನ್ನು ಕೇಳಿದರೆ ಗೇಮ್ ಪಾತ್ರದ ಸ್ವಭಾವ ಕೂತಿರುವುದು ಈ ಕಟ್ಟಳೆಯಲ್ಲೇ. ಮೈಕ್ ಎಷ್ಟು ದುಬಾರಿಯದು ಅನ್ನುವುದು ಆಮೇಲಿನ ಮಾತು.

ಹಳೆಯದಾದರೂ ಇವತ್ತಿಗೂ ಪಾಠ ಹೇಳುವ ಉದಾಹರಣೆ 1998ರ ‘ಥೀಫ್: ದಿ ಡಾರ್ಕ್ ಪ್ರಾಜೆಕ್ಟ್’. ಅಮೆರಿಕದ ಲುಕಿಂಗ್ ಗ್ಲಾಸ್ ಸ್ಟುಡಿಯೋಸ್ ಮಾಡಿದ್ದು, ಸದ್ದಿನ ಹೊಣೆ ಎರಿಕ್ ಬ್ರೋಸಿಯಸ್ ಅವರದು. ನಾಯಕ ಗ್ಯಾರೆಟ್ ಕಳ್ಳ. ರತ್ನಗಂಬಳಿಯ ಮೇಲೆ ಕಾಲಿಟ್ಟರೆ ಸದ್ದಿಲ್ಲ, ಹುಲ್ಲಿನ ಮೇಲೂ ಅಷ್ಟೇ. ಕಲ್ಲು, ಟೈಲ್ಸ್, ಲೋಹದ ಜಾಲರಿ ಬಂತೆಂದರೆ ಪ್ರತಿ ಹೆಜ್ಜೆಯೂ ಟಕ್ ಟಕ್ ಅನ್ನುತ್ತದೆ, ಕಾವಲುಗಾರ ಆ ಸದ್ದು ಕೇಳಿ ಹುಡುಕಿಕೊಂಡು ಬರುತ್ತಾನೆ. ಗಟ್ಟಿ ನೆಲದ ಮೇಲೆ ಪಾಚಿ ಹಾಸಿ ಹೆಜ್ಜೆ ಸದ್ದು ಅಡಗಿಸುವ ಬಾಣವೂ ಅವನ ಬತ್ತಳಿಕೆಯಲ್ಲಿದೆ. ಸದ್ದು ಯಾವ ಬಾಗಿಲಿನಿಂದ ಯಾವ ಕೋಣೆಗೆ ಹರಿಯುತ್ತದೆ ಅನ್ನುವುದನ್ನೂ ಗೇಮ್ ನಡೆಸುವ ಸಾಫ್ಟ್‌ವೇರ್, ಅಂದರೆ ಎಂಜಿನ್, ಲೆಕ್ಕ ಹಾಕುತ್ತಿತ್ತು. ಗ್ಯಾರೆಟ್ ನಡುನಡುವೆ ಒಂದೆರಡು ವ್ಯಂಗ್ಯದ ಮಾತು ಆಡುತ್ತಾನೆ, ನಿಜ. ಆದರೆ ಅವನು ನುರಿತ ಕಳ್ಳ ಎಂದು ನಾವು ನಂಬುವುದು ಆ ಮಾತಿನಿಂದಲ್ಲ. ಅಮೃತಶಿಲೆಯ ಹಜಾರ ಕಂಡ ಕೂಡಲೇ ನಮ್ಮ ಬೆರಳು ತಾನಾಗಿ ಓಟ ನಿಲ್ಲಿಸಿ ನಡಿಗೆಗೆ ಇಳಿಯುತ್ತದಲ್ಲ, ಅಲ್ಲಿ ನಂಬುತ್ತೇವೆ. ಆಟಗಾರ ಕಳ್ಳನ ಹಾಗೆ ನೆಲ ನೋಡುವುದನ್ನು ಕಲಿಯುತ್ತಾನೆ.

ಈ ಕಟ್ಟಳೆಯನ್ನು ಮೈಯೊಳಕ್ಕೇ ತಂದದ್ದು 2008ರ ‘ಡೆಡ್ ಸ್ಪೇಸ್’, ಬಾಹ್ಯಾಕಾಶ ನೌಕೆಯಲ್ಲಿ ನಡೆಯುವ ಭಯದ ಗೇಮ್. ನಾಯಕ ಐಸಾಕ್ ಕ್ಲಾರ್ಕ್ ಸೈನಿಕನಲ್ಲ, ಇಂಜಿನಿಯರ್. ಕೈಯಲ್ಲಿರುವ ಮುಖ್ಯ ಆಯುಧವೂ ಗಣಿ ಕೆಲಸದ ಕಟ್ಟರ್. ಮೊದಲ ಗೇಮ್‌ನಲ್ಲಿ ಅವನು ಒಂದು ಮಾತೂ ಆಡುವುದಿಲ್ಲ. ಪ್ರೇಯಸಿ ನಿಕೋಲ್‌ಳ ವಿಡಿಯೊ ಸಂದೇಶದ ಎದುರು ನಿಂತಾಗಲೂ ತುಟಿ ಬಿಚ್ಚುವುದಿಲ್ಲ. ಆದರೆ ಅವನು ಏದುಸಿರು ಬಿಡುತ್ತಾನೆ, ಪೆಟ್ಟು ಬಿದ್ದಾಗ ನರಳುತ್ತಾನೆ, ಬೂಟು ನೆಲಕ್ಕೆ ಧಡ್ ಎಂದು ಬೀಳುತ್ತದೆ. ಗಾಳಿಯೇ ಇಲ್ಲದ ಜಾಗಕ್ಕೆ ಹೋದಾಗ ನಡೆಯುವುದನ್ನು ಗಮನವಿಟ್ಟು ಕೇಳಿ. ಹೊರಗಿನ ಸದ್ದೆಲ್ಲ ಅಡಗಿ ಹೋಗುತ್ತದೆ. ಗುಂಡು ಹಾರಿಸಿದರೆ ಕೇಳುವುದು ಸೂಟಿನ ಮೂಲಕ, ಮೈ ಮೂಲಕ ಬಂದ ಮಂದ ಗುದ್ದು ಮಾತ್ರ. ಉಳಿದದ್ದು ಹೆಲ್ಮೆಟ್ಟಿನೊಳಗಿನ ಉಸಿರು. ಸೂಟಿನಲ್ಲಿ ಆಮ್ಲಜನಕ ಕಮ್ಮಿಯಾದ ಹಾಗೆ ಆ ಉಸಿರು ಕಟ್ಟುತ್ತಾ ಬರುತ್ತದೆ. ಹಿಂದಿನಿಂದ ರಾಕ್ಷಸ ಬಂದರೂ ಕೇಳಿಸುವುದಿಲ್ಲ.

ಇಲ್ಲಿ ಎರಡು ಕೆಲಸ ಒಟ್ಟಿಗೆ ಆಗುತ್ತಿವೆ. ಐಸಾಕ್ ಮಾಡುವ ಸದ್ದು ಒಂದು, ಐಸಾಕ್ ಕೇಳುವ ಸದ್ದು ಇನ್ನೊಂದು. ಹೊಸಬರು ಎಲ್ಲ ಶ್ರಮವನ್ನೂ ಮೊದಲನೆಯದಕ್ಕೆ ಹಾಕುತ್ತಾರೆ: ಬೂಟು ಹೇಗೆ ಸದ್ದು ಮಾಡಬೇಕು, ಕತ್ತಿ ಹೇಗೆ ಝಳಪಿಸಬೇಕು ಅಂತ. ಎರಡನೆಯದೇ ಹೆಚ್ಚು ಆಳಕ್ಕೆ ಹೋಗುತ್ತದೆ. ಆಟಗಾರನನ್ನು ಯಾರ ಕಿವಿಯೊಳಗೆ ಕೂರಿಸುತ್ತೀರಿ ಅನ್ನುವುದು ನಿರ್ಧಾರವಾದರೆ ಪಾತ್ರ ಅರ್ಧ ಆದ ಹಾಗೆ.

2023ರಲ್ಲಿ ಇದೇ ಗೇಮ್ ಅನ್ನು ಮೋಟಿವ್ ಸ್ಟುಡಿಯೊ ಹೊಸದಾಗಿ ಮಾಡಿತು. ಈ ಸಲ ಐಸಾಕ್ ಮಾತಾಡುತ್ತಾನೆ, ದನಿ ಗನ್ನರ್ ರೈಟ್ ಅವರದು. ನನಗೆ ಹಿಡಿಸಿದ್ದು ಮಾತಲ್ಲ, ಅದರ ಹಿಂದಿನ ವ್ಯವಸ್ಥೆ. ಅವನ ದಣಿವು, ಗಾಯ, ಹೆದರಿಕೆ ಇವನ್ನೆಲ್ಲ ಗೇಮ್ ಲೆಕ್ಕ ಇಡುತ್ತಿರುತ್ತದೆ. ಎದೆಬಡಿತ ಮತ್ತು ಉಸಿರು ಆ ಲೆಕ್ಕಕ್ಕೆ ತಕ್ಕಂತೆ ಏರಿಳಿಯುತ್ತವೆ. ಒಂದೇ ಮಾತನ್ನು ನಟ ಬೇರೆ ಬೇರೆ ದೇಹಸ್ಥಿತಿಯಲ್ಲಿ ಆಡಿ ರೆಕಾರ್ಡ್ ಮಾಡಿದ್ದಾರೆ. ಓಡಿ ಬಂದ ತಕ್ಷಣ ಯಾರೋ ರೇಡಿಯೊದಲ್ಲಿ ಮಾತಾಡಿಸಿದರೆ ಐಸಾಕ್ ಏದುಸಿರಿನಲ್ಲೇ ಉತ್ತರ ಕೊಡುತ್ತಾನೆ. ತಾಂತ್ರಿಕವಾಗಿ ಇದು ಬಹಳ ಮುಂದಿನ ಕೆಲಸ. ಆದರೂ ಭಯಕ್ಕೆ ನನಗೆ 2008ರ ಮೂಕ ಐಸಾಕನೇ ಬೇಕು. ಮಾತಾಡುವವನ ಜೊತೆ ಒಂಟಿತನ ಅಷ್ಟು ಕಾಡುವುದಿಲ್ಲ. ನಿಮ್ಮ ಬಡತನ ನಿಮಗೆ ಈ ವಿಷಯದಲ್ಲಿ ವರವೇ ಆಗಿದೆ ಎಂದುಕೊಳ್ಳಿ.

ಪಾತ್ರದ ಕಿವಿಯೊಳಗೆ ಆಟಗಾರನನ್ನು ಕೂರಿಸುವ ವಿದ್ಯೆಯಲ್ಲಿ ನಾನು ಎಲ್ಲಕ್ಕಿಂತ ಮೇಲಿಡುವುದು ಇಂಗ್ಲೆಂಡಿನ ಕೇಂಬ್ರಿಜ್‌ನ ನಿಂಜಾ ಥಿಯರಿ ತಂಡ 2017ರಲ್ಲಿ ತಂದ ‘ಹೆಲ್‌ಬ್ಲೇಡ್: ಸೆನುವಾಸ್ ಸ್ಯಾಕ್ರಿಫೈಸ್’. ಸೆನುವಾ ಉತ್ತರ ಬ್ರಿಟನ್ನಿನ ಪಿಕ್ಟ್ ಜನಾಂಗದ ಯೋಧೆ. ಸತ್ತ ಪ್ರಿಯಕರನ ತಲೆಯನ್ನು ಸೊಂಟಕ್ಕೆ ಕಟ್ಟಿಕೊಂಡು, ಅವನ ಆತ್ಮವನ್ನು ಬಿಡಿಸಿ ತರಲು ನಾರ್ಸ್ ಪುರಾಣದ ಪಾತಾಳಕ್ಕೆ ಹೊರಟವಳು. ಅವಳಿಗೆ ಸೈಕೋಸಿಸ್ ಇದೆ, ಅಂದರೆ ಇಲ್ಲದ್ದು ಕಾಣುವ, ಕೇಳುವ ಮನೋರೋಗ. ತಲೆಯೊಳಗೆ ದನಿಗಳು ಸದಾ ಪಿಸುಗುಟ್ಟುತ್ತಿರುತ್ತವೆ. ಈ ಅನುಭವವನ್ನು ಊಹೆಯ ಮೇಲೆ ಕಟ್ಟಬಾರದೆಂದು ತಂಡ ಕೇಂಬ್ರಿಜ್ ವಿಶ್ವವಿದ್ಯಾಲಯದ ಮನೋವೈದ್ಯ ಪಾಲ್ ಫ್ಲೆಚರ್ ಅವರ ಜೊತೆಗೂ, ಅಂಥ ದನಿಗಳನ್ನು ನಿಜವಾಗಿ ಕೇಳುವ ಜನರ ಜೊತೆಗೂ ಕೂತು ಕೆಲಸ ಮಾಡಿತು.

ಆ ದನಿಗಳನ್ನು ಹಿಡಿದದ್ದು ಬೈನಾರಲ್ ಮೈಕಿನಲ್ಲಿ, ಅಂದರೆ ಮನುಷ್ಯನ ತಲೆಯಲ್ಲಿರುವಂತೆ ಎಡಕ್ಕೊಂದು ಬಲಕ್ಕೊಂದು ಕಿವಿ ಇರುವ ಮೈಕಿನಲ್ಲಿ. ನಟಿಯರು ಅದರ ಸುತ್ತ ಓಡಾಡುತ್ತಾ, ಒಂದು ಕಿವಿಯ ಹತ್ತಿರ ಬಗ್ಗಿ ಪಿಸುಗುಡುತ್ತಾ, ಹಿಂದೆ ಸರಿದು ನಗುತ್ತಾ ಅಭಿನಯಿಸಿದರು. ಎಡಗಡೆ ಹುಟ್ಟಿದ ಸದ್ದು ಎಡಗಿವಿಗೆ ಮೊದಲು ಮುಟ್ಟಿ, ಬಲಗಿವಿಗೆ ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಮ್ಮಿ ಅಂತರದಲ್ಲಿ ಮುಟ್ಟುತ್ತದೆ. ತಲೆ ಅಡ್ಡ ಬರುವುದರಿಂದ ಅಲ್ಲಿ ಸ್ವಲ್ಪ ಮಂಕಾಗಿಯೂ ಇರುತ್ತದೆ. ಕಿವಿಯ ಹಾಲೆ ಹಿಂದು ಮುಂದಿನ ಸದ್ದುಗಳಿಗೆ ಬೇರೆ ಬೇರೆ ಬಣ್ಣ ಕೊಡುತ್ತದೆ. ಇಷ್ಟೂ ರೆಕಾರ್ಡ್ ಆಗಿರುವುದರಿಂದ ಹೆಡ್‌ಫೋನ್ ಹಾಕಿದವನಿಗೆ ದನಿ ತನ್ನ ಭುಜದ ಹಿಂದೆಯೇ ಇದೆ ಅನ್ನಿಸುತ್ತದೆ. ಸ್ಪೀಕರಿನಲ್ಲಿ ಕೇಳಿದರೆ ಎರಡು ಕಿವಿಗೂ ಎರಡೂ ಸದ್ದು ಬಿದ್ದು ಮಾಯೆಯೆಲ್ಲ ಕಳಚಿಹೋಗುತ್ತದೆ.

ಇಷ್ಟು ಮಾತ್ರ ಆಗಿದ್ದರೆ ಅದು ತಾಂತ್ರಿಕ ಚಮತ್ಕಾರವಾಗಿ ಉಳಿಯುತ್ತಿತ್ತು. ಕಟ್ಟಳೆ ನೋಡಿ. ಪರದೆಯ ಮೇಲೆ ಜೀವದ ಪಟ್ಟಿ ಇಲ್ಲ, ನಕ್ಷೆ ಇಲ್ಲ. ಹೋರಾಟದ ಮಧ್ಯೆ ಶತ್ರು ಬೆನ್ನ ಹಿಂದೆ ಬಂದರೆ ಎಚ್ಚರಿಸುವುದು ಆ ದನಿಗಳೇ. ಹಾಗೆಂದು ಅವು ನೆಂಟರೇನಲ್ಲ. ಮರು ಗಳಿಗೆಯಲ್ಲೇ ನಿನ್ನ ಕೈಲಿ ಆಗಲ್ಲ ಎಂದು ಹೀಯಾಳಿಸುತ್ತವೆ, ತಮ್ಮ ತಮ್ಮಲ್ಲೇ ಜಗಳವಾಡುತ್ತವೆ, ಹೋಗಬೇಡ ಅನ್ನುತ್ತವೆ. ಕಿರಿಕಿರಿ ತಾಳಲಾರದೆ ಅವನ್ನು ಮನಸ್ಸಿನಿಂದ ತಳ್ಳಿಹಾಕಿದರೆ ಬೆನ್ನಿಗೆ ಕತ್ತಿ ಬೀಳುತ್ತದೆ. ನಂಬಿಯೇ ನಡೆದರೆ ಧೈರ್ಯ ಕುಸಿಯುತ್ತದೆ. ಸೆನುವಾಳ ಇಕ್ಕಟ್ಟು ಏನೆಂದು ಯಾರೂ ವಿವರಿಸಬೇಕಿಲ್ಲ, ಆಟಗಾರನೇ ಅದರಲ್ಲಿ ಸಿಕ್ಕಿಕೊಂಡಿರುತ್ತಾನೆ. ಕಣ್ಣು ಬಹುಪಾಲು ಕಾಣದ ಕತ್ತಲಲ್ಲಿ ದನಿಯನ್ನೇ ಹಿಡಿದು ನಡೆಯಬೇಕಾದ ಒಂದು ಭಾಗವಂತೂ ಇದೆ, ಮನೆಯಲ್ಲಿ ಲೈಟ್ ಆರಿಸಿ ಆಡಿ. ಸೆನುವಾ ಆಗಿ ನಟಿಸಿದ ಮೆಲಿನಾ ಯುರ್ಗೆನ್ಸ್ ಮೂಲತಃ ಅದೇ ಕಂಪನಿಯ ವಿಡಿಯೊ ಎಡಿಟರ್. 2018ರಲ್ಲಿ ಬ್ರಿಟನ್ನಿನ ಬಾಫ್ಟಾ ಗೇಮ್ ಪ್ರಶಸ್ತಿಗಳಲ್ಲಿ ನಟನೆಯ ಪ್ರಶಸ್ತಿ ಅವರಿಗೂ, ಆಡಿಯೊ ಪ್ರಶಸ್ತಿ ಗೇಮ್‌ಗೂ ಬಂತು. ಕೆಲವರಿಗೆ ಈ ಗೇಮ್ ಆಡಿದರೆ ತಲೆನೋವು ಬರುತ್ತದಂತೆ. ಆ ದಣಿವೇ ಪಾತ್ರದ್ದು ಅನ್ನುವುದು ನನ್ನ ವಾದ.

ಖಳರ ವಿಷಯ ಬೇರೆಯೇ. ಅವರ ಕಿವಿಯೊಳಗೆ ನಾವು ಕೂರುವುದಿಲ್ಲ, ಅವರ ಸದ್ದು ಕೇಳಿ ನಡುಗುತ್ತೇವೆ. ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬರುವ ಮೊದಲೇ ತೆರೆಯ ಹಿಂದಿನಿಂದ ಅಟ್ಟಹಾಸ ಕೇಳಿ, ಚೆಂಡೆ ಏರಿ, ಮುಂದೆ ಕೂತ ಮಕ್ಕಳು ಅಮ್ಮನ ಸೆರಗು ಹಿಡಿಯುತ್ತಾರಲ್ಲ, ‘ದಿ ಲಾಸ್ಟ್ ಆಫ್ ಅಸ್’ನ (2013) ಕ್ಲಿಕರ್‌ಗಳು ಮಾಡುವುದೂ ಅದನ್ನೇ. ಮುಖ ಸೀಳಿ ಅಣಬೆ ಬೆಳೆದಿರುವ ಈ ಜೀವಿಗಳಿಗೆ ಕಣ್ಣಿಲ್ಲ. ಬಾವಲಿಯ ಹಾಗೆ ಸದ್ದು ಹೊಮ್ಮಿಸಿ ದಾರಿ ಹುಡುಕುತ್ತವೆ. ಗಂಟಲಲ್ಲಿ ಕಟಕಟ ಎನ್ನುವ ಆ ಸದ್ದನ್ನು ಮುಖ್ಯವಾಗಿ ಹೊರಡಿಸಿದ್ದು ದನಿ ಕಲಾವಿದೆ ಮಿಸ್ಟಿ ಲೀ. ಆಡಿಯೊ ತಂಡದ ಮುಖ್ಯಸ್ಥ ಫಿಲಿಪ್ ಕೋವಟ್ಸ್ ಅವರ ದನಿಯೂ ಸೇರಿದೆ. ಮನುಷ್ಯನ ಗಂಟಲಿನಿಂದಲೇ ಬಂದದ್ದಾದ್ದರಿಂದ, ಒಂದು ಕಾಲಕ್ಕೆ ಇದೂ ಮನುಷ್ಯನೇ ಆಗಿತ್ತು ಅನ್ನುವ ಅಳುಕು ಸದ್ದಿನಲ್ಲೇ ಇದೆ. ಕಂಪ್ಯೂಟರಿನಲ್ಲಿ ಹುಟ್ಟಿಸಿದ್ದರೆ ಅದು ಬರುತ್ತಿರಲಿಲ್ಲ. 2020ರಲ್ಲಿ ಬಂದ ಎರಡನೇ ಭಾಗದಲ್ಲಿ ಇನ್ನೊಂದು ಕ್ರೂರ ಕಟ್ಟಳೆ ಸೇರಿಸಿದರು: ನೀವು ಒಬ್ಬ ಕಾವಲುಗಾರನನ್ನು ಕೊಂದರೆ ಅವನ ಜೊತೆಗಾರ ಅವನ ಹೆಸರು ಹಿಡಿದು ಕೂಗುತ್ತಾನೆ. ಒಂದು ಹೆಸರು, ಅಷ್ಟೇ. ಕೊಂದವರಿಗೆ ಆಮೇಲೆ ಆಟ ಮೊದಲಿನಷ್ಟು ಹಗುರವಾಗಿ ಉಳಿಯುವುದಿಲ್ಲ.

ದನಿಯನ್ನು ಯಂತ್ರವಾಗಿಸಿ ಪಾತ್ರ ಕಟ್ಟಿದ್ದಕ್ಕೆ ವಾಲ್ವ್ ಕಂಪನಿಯ ‘ಪೋರ್ಟಲ್’ (2007) ನೋಡಿ. ಗ್ಲಾಡೋಸ್ ಎಂಬ ಕಂಪ್ಯೂಟರಿಗೆ ದನಿ ಕೊಟ್ಟವರು ಎಲೆನ್ ಮೆಕ್‌ಲೇನ್, ಒಪೆರಾ ಗಾಯಕಿ. ಬರಹವನ್ನು ಓದಿ ಹೇಳುವ ಸಾಫ್ಟ್‌ವೇರಿನ ಏರಿಳಿತವನ್ನು ಅವರು ಅನುಕರಿಸಿ ಆಡಿದರು, ಅದರ ಮೇಲೆ ಸ್ವರ ತಿದ್ದುವ ಸಂಸ್ಕರಣೆ ಆಯಿತು. ಕೊನೆಯ ಹೋರಾಟದಲ್ಲಿ ಅವಳ ನೀತಿ ಕಾಯುವ ಭಾಗವೊಂದು ಬೆಂಕಿಗೆ ಬಿದ್ದಾಗ ದನಿ ಇದ್ದಕ್ಕಿದ್ದಂತೆ ಬೆಚ್ಚಗಾಗಿ, ಮೆತ್ತಗಾಗಿ, ಮನುಷ್ಯರದಾಗುತ್ತದೆ. ಕೊಲ್ಲಲು ತಡೆ ಇಲ್ಲವಾದ ಕ್ಷಣದಲ್ಲೇ ದನಿ ಮನುಷ್ಯರದಾಗುವುದು, ಇದರ ವ್ಯಂಗ್ಯ ಬರೆದವರದೋ ಸದ್ದು ಮಾಡಿದವರದೋ ಹೇಳುವುದು ಕಷ್ಟ. ಅದೇ ಗೇಮ್‌ನ ಬಂದೂಕು ಯಂತ್ರಗಳು ಮುದ್ದು ಮಗುವಿನ ದನಿಯಲ್ಲಿ ವಿನಯದಿಂದ ಮಾತಾಡುತ್ತಾ ಗುಂಡು ಹಾರಿಸುತ್ತವೆ. ಆ ದನಿಯೂ ಮೆಕ್‌ಲೇನ್ ಅವರದೇ. ವಾಲ್ವ್‌ನವರದೇ ‘ಹಾಫ್-ಲೈಫ್ 2’ರಲ್ಲಿ ಮುಖವಾಡ ತೊಟ್ಟ ಪೊಲೀಸರು ರೇಡಿಯೊ ಗರಗರದಲ್ಲೇ ಮಾತಾಡುತ್ತಾರೆ. ಒಬ್ಬ ಸತ್ತರೆ ಅವನ ರೇಡಿಯೊದಿಂದ ಆಸ್ಪತ್ರೆಯ ಮಾನಿಟರಿನಂಥ ಉದ್ದನೆಯ ಕೀ ದನಿ ಬರುತ್ತದೆ. ಮುಖವೇ ಕಾಣದವನ ಸಾವಿಗೆ ಅಷ್ಟೇ ಗುರುತು.

ಕಮ್ಮಿ ಖರ್ಚಿನ ದಾರಿ ಬೇಕೆಂದರೆ ಟೋಬಿ ಫಾಕ್ಸ್ ಅವರ ‘ಅಂಡರ್‌ಟೇಲ್’ (2015). ಅಕ್ಷರಗಳು ಪರದೆಯ ಮೇಲೆ ಒಂದೊಂದಾಗಿ ಮೂಡುವಾಗ ಒಂದೊಂದು ಪಾತ್ರಕ್ಕೂ ಅದರದೇ ಪುಟ್ಟ ಬ್ಲಿಪ್. ಸಾನ್ಸ್ ಎಂಬ ಪಾತ್ರದ್ದು ತಗ್ಗಿ ಗೊಣಗುವ ಸದ್ದು, ಕಣ್ಣು ಮುಚ್ಚಿದ್ದರೂ ಅವನೇ ಎಂದು ಗೊತ್ತಾಗುತ್ತದೆ. ಹಾಗೆಯೇ ಎಲ್ಲ ಗೇಮ್‌ಗೂ ಈ ಪಾಠ ಹೊಂದುವುದಿಲ್ಲ ಎಂಬುದೂ ತಿಳಿದಿರಲಿ. ‘ಓವರ್‌ವಾಚ್’ನಂಥ ಸ್ಪರ್ಧೆಯ ಗೇಮ್‌ನಲ್ಲಿ ಶತ್ರುವಿನ ಹೆಜ್ಜೆ ಗೆಳೆಯನ ಹೆಜ್ಜೆಗಿಂತ ಜೋರು. ನಿಜ ಲೋಕದಲ್ಲಿ ಹಾಗಿರುವುದಿಲ್ಲ, ಆದರೆ ಆಟಗಾರ ಬದುಕುಳಿಯಬೇಕಲ್ಲ.

ಈಗ ನಿಮ್ಮ ಲೈನ್‌ಮನ್. ಮೊದಲು ಹೆಜ್ಜೆ. ಗೇಮ್‌ನಲ್ಲಿ ಒಂದು ಹೆಜ್ಜೆ ಎಂದರೆ ಒಂದು ಫೈಲ್ ಅಲ್ಲ. ಹಿಮ್ಮಡಿ ಊರುವುದು ಒಂದು ಪದರ, ಮುಂಗಾಲು ಉರುಳುವುದು ಇನ್ನೊಂದು, ಪ್ಯಾಂಟು ಉಜ್ಜುವುದು ಮೂರನೆಯದು, ಚೀಲದಲ್ಲಿ ಸಾಮಾನು ಅಲುಗುವುದು ನಾಲ್ಕನೆಯದು. ಪ್ರತಿ ಪದರಕ್ಕೂ ಐದಾರು ಬೇರೆ ಬೇರೆ ರೆಕಾರ್ಡಿಂಗ್ ಇಟ್ಟುಕೊಂಡು ಅಡ್ಡಾದಿಡ್ಡಿಯಾಗಿ ಆರಿಸುವಂತೆ ಮಾಡಿ, ಸ್ವರವನ್ನೂ ಒಂಚೂರು ಏರಿಳಿಸಿ. ಇಲ್ಲದಿದ್ದರೆ ಒಂದೇ ಸ್ಯಾಂಪಲ್ ಪದೇ ಪದೇ ಬಡಿದು ಮೆಷಿನ್ ಗನ್ ಆಗುತ್ತದೆ. ನೆಲ ಬದಲಾದರೆ ಮೊದಲ ಎರಡು ಪದರ ಮಾತ್ರ ಬದಲಾಗಲಿ: ಕೆಸರು, ತರಗೆಲೆ, ಬಂಡೆ. ಕೊನೆಯ ಎರಡು ಅವನವೇ, ಎಲ್ಲಿ ಹೋದರೂ ಅವನ ಜೊತೆ ಇರುತ್ತವೆ. ಇದಕ್ಕೆ ನಿಮ್ಮ ಮೊಬೈಲ್ ರೆಕಾರ್ಡರ್ ಸಾಕು, ಫ್ಯಾನ್ ಆರಿಸಿ, ರಾತ್ರಿ ಊರು ಮಲಗಿದ ಮೇಲೆ ಕೂತುಕೊಳ್ಳಿ. ಸದ್ದನ್ನೂ ಅದರ ಕಟ್ಟಳೆಯನ್ನೂ ಗೇಮ್‌ಗೆ ಜೋಡಿಸುವ ಎಫ್‌ಮಾಡ್‌ನಂಥ ಸಾಫ್ಟ್‌ವೇರ್ ಸಣ್ಣ ಬಜೆಟ್ಟಿನವರಿಗೆ ಉಚಿತವಾಗಿ ಸಿಗುತ್ತದೆ. ಹೆಡ್‌ಫೋನಿನಲ್ಲಿ ದಿಕ್ಕು ತೋರಿಸಲು ವಾಲ್ವ್‌ನ ಸ್ಟೀಮ್ ಆಡಿಯೊ ಕೂಡ ಪುಕ್ಕಟೆ.

ಆಮೇಲೆ ಅವನು ಎಂಥವನು ಎಂದು ತೀರ್ಮಾನಿಸಿ. ಹೊಸಬನೇ, ಇಪ್ಪತ್ತು ವರ್ಷ ಕಂಬ ಹತ್ತಿದವನೇ? ಹೊಸಬನಾದರೆ ಕಂಬ ಹತ್ತುವಾಗ ಉಸಿರು ಅಲ್ಲಲ್ಲಿ ಕಟ್ಟಲಿ, ಕಟಿಂಗ್ ಪ್ಲೇಯರ್ ಚೀಲದಲ್ಲಿ ಕಣಕಣ ಅನ್ನಲಿ. ಹಳಬನಾದರೆ ಉಸಿರು ಕಂಬದ ತುದಿವರೆಗೂ ಒಂದೇ ಲಯದಲ್ಲಿರಲಿ, ಸಾಮಾನು ಬಟ್ಟೆಯಲ್ಲಿ ಸುತ್ತಿಟ್ಟ ಹಾಗೆ ಮಂದವಾಗಿರಲಿ. ಹಾಗಿರುವವನ ಉಸಿರು ಒಂದೇ ಒಂದು ಕಡೆ ತಪ್ಪಿದರೂ ಆಟಗಾರ ಬೆಚ್ಚುತ್ತಾನೆ. ಆ ಜಾಗ ಯಾವುದೆಂದು ಕತೆ ಬರೆಯುವವರು ಆರಿಸಿಕೊಳ್ಳಲಿ.

ಇನ್ನು ಅವನ ಕಿವಿ. ನಿಮ್ಮ ಗೇಮ್‌ನ ಅದೃಷ್ಟ ಇಲ್ಲಿದೆ. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತದ್ದು. ಟಿಸಿಯೊಳಗಿನ, ಅಂದರೆ ಟ್ರಾನ್ಸ್‌ಫಾರ್ಮರಿನೊಳಗಿನ, ಕಬ್ಬಿಣದ ತಿರುಳು ಪ್ರತಿ ಆವರ್ತದಲ್ಲೂ ಎರಡು ಸಲ ಕಣ್ಣಿಗೆ ಕಾಣದಷ್ಟು ಹಿಗ್ಗಿ ಕುಗ್ಗುವುದರಿಂದ ಅದರ ಗುಂಯ್ ಸದ್ದು ಮುಖ್ಯವಾಗಿ 100 ಹರ್ಟ್ಸ್‌ನದು, ಅಂದರೆ ಸೆಕೆಂಡಿಗೆ 100 ಕಂಪನದ್ದು, ಜೊತೆಗೆ 200, 300, 400. ಸಾಮಾನ್ಯ ಜನ ಮಳೆಯಲ್ಲಿ ಅದನ್ನು ಗಮನಿಸುವುದೇ ಇಲ್ಲ. ಲೈನ್‌ಮನ್ ಗಮನಿಸುತ್ತಾನೆ. ಹಾಗಾಗಿ ಒಂದು ಕಟ್ಟಳೆ ಬರೆಯಿರಿ: ಆಟಗಾರ ನಿಂತ ಕೂಡಲೇ ಲೈನ್‌ಮನ್ ಕೈಯಿಂದ ಚೀಲ ಅದುಮಿ ಹಿಡಿಯುತ್ತಾನೆ, ಸಾಮಾನಿನ ಸದ್ದು ನಿಲ್ಲುತ್ತದೆ. ಅರ್ಧ ಸೆಕೆಂಡ್ ಬಿಟ್ಟು ಮಳೆ ಮೆಲ್ಲಗೆ ಹಿಂದೆ ಸರಿಯುತ್ತದೆ. ಎಲ್ಲೋ ಬಲಕ್ಕೆ ಆ ಗುಂಯ್ ಮೇಲೇಳುತ್ತದೆ, ಅಥವಾ ಏಳಬೇಕಾದ ಕಡೆ ಏಳುವುದಿಲ್ಲ. ನಡೆಯಲು ಶುರು ಮಾಡಿದರೆ ಮಳೆ ಮತ್ತೆ ಎಲ್ಲವನ್ನೂ ಮುಚ್ಚುತ್ತದೆ. ಬಾಣದ ಗುರುತು, ನಕ್ಷೆ ಯಾವುದೂ ಬೇಡ. ಕೇಳಿ ಕೇಳಿ ಕೆಲಸ ಮಾಡುವ ಮನುಷ್ಯ ಇವನು ಎಂದು ಹತ್ತು ನಿಮಿಷದಲ್ಲಿ ಆಟಗಾರನಿಗೆ ಗೊತ್ತಾಗಿಬಿಡುತ್ತದೆ.

ಆ ಸದ್ದಿಗಾಗಿ ಟಿಸಿ ಬೇಲಿಯೊಳಗೆ ಮೈಕ್ ಚಾಚಲು ಹೋಗಬೇಡಿ, ಅದು ಜೀವಕ್ಕೆ ಅಪಾಯ. ಯಾವ ಆಡಿಯೊ ಎಡಿಟರ್‌ನಲ್ಲಾದರೂ ಈ ನಾಲ್ಕು ಕಂಪನಗಳ ಸೈನ್ ತರಂಗ, ಅಂದರೆ ಬೆರಕೆಯಿಲ್ಲದ ಶುದ್ಧ ಸ್ವರ, ಜೋಡಿಸಿದರೆ ಮುಕ್ಕಾಲು ಪಾಲು ಬಂದುಬಿಡುತ್ತದೆ. ಮಿಕ್ಸ್ ಮುಗಿಸುವ ಮುಂಚೆ ಒಂದು ಸಾಧಾರಣ ಫೋನಿನ ಸ್ಪೀಕರಿನಲ್ಲೂ ಹಾಕಿ ನೋಡಿ. 100 ಹರ್ಟ್ಸ್ ಅದರಲ್ಲಿ ಹೊರಡುವುದೇ ಕಷ್ಟ, ಆದರೆ ಮೇಲಿನವು ಸರಿಯಾಗಿ ಇದ್ದರೆ ಕಿವಿ ಕೆಳಗಿನ 100 ಅನ್ನು ತಾನೇ ತುಂಬಿಕೊಳ್ಳುತ್ತದೆ. ಕೇಳದಿದ್ದರೆ 300 ಮತ್ತು 400 ಅನ್ನು ಒಂದೆರಡು ಡೆಸಿಬೆಲ್ ಏರಿಸಿ, ಮಳೆಯನ್ನು ಅದೇ ಆಸುಪಾಸಿನಲ್ಲಿ ಅಷ್ಟೇ ತಗ್ಗಿಸಿ.